ಆರೂವರೆ ಗಂಟೆಯ ಊರು

ನಾನು ಫ್ರಾನ್ಸ್ ದೇಶಕ್ಕೆ ಹೋಗಿ ಬಂದವಳು ಎಂದು ನನ್ನ ಸೊಸೆ ಶಿಲ್ಪಾ ಇಡೀ ಒಂದು ಮುಂಜಾನೆ ನಂಬಿದ್ದಳು. ಅಷ್ಟು ಹೊತ್ತೂ ಅವಳು ನನ್ನನ್ನು ನೋಡುವ ನೋಟವೇ ಬೇರೆಯಾಗಿತ್ತು. ಚಹಾ ತಂದುಕೊಟ್ಟವಳು ಅಲ್ಲೇ ನಿಂತು, ಸಕ್ಕರೆ ಸಾಕಾಯಿತೇ ಎಂದು ಕೇಳಿದಳು. ಮದುವೆಯಾಗಿ ಬಂದಾಗಿನಿಂದ ಅವಳು ಆ ಪ್ರಶ್ನೆ ಕೇಳಿದ್ದೇ ಇಲ್ಲ. ವಿದೇಶ ಕಂಡವರಿಗೆ ಸಿಗುವ ಮರ್ಯಾದೆ ಎಂಥದ್ದೆಂದು ನನಗೆ ಗೊತ್ತಾದದ್ದು ಆ ದಿನ. ಹಾಗಾಗಿ ನಿಜ ಹೇಳುವುದನ್ನು ಮಧ್ಯಾಹ್ನದ ಊಟದವರೆಗೆ ಮುಂದೂಡಿದೆ.

ಆದದ್ದು ಇಷ್ಟೇ. ಬೇಸಿಗೆ ಬಂತಲ್ಲ, ತೆಳು ಹೊದಿಕೆಗಳನ್ನು ತೆಗೆಯಲೆಂದು ನನ್ನ ಹಳೆಯ ಟ್ರಂಕನ್ನು ಬಿಚ್ಚಿದ್ದೆವು. ಬಳ್ಳಾರಿಯ ಬೇಸಿಗೆಗೆ ತೆಳು ಹೊದಿಕೆಯೂ ಹೆಚ್ಚೇ, ಆದರೂ ಪ್ರತಿವರ್ಷ ಬಿಚ್ಚುವ ಪದ್ಧತಿ. ತಳದಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಹಿಂದೆ ಚೂಪು ಗೋಪುರದ ಒಂದು ಚರ್ಚು, ಅದರಲ್ಲೊಂದು ಗಡಿಯಾರ, ಕಲ್ಲಿನ ಮನೆಗಳು, ಒಂದು ಹಳ್ಳ, ಹಳ್ಳಕ್ಕೆ ಕಮಾನಿನ ಸೇತುವೆ. ಮುಂದೆ ನಾನು. ಜಡೆ ಎದೆಯ ಮೇಲೆ, ಕೈಯಲ್ಲಿ ಪ್ಲಾಸ್ಟಿಕ್ ಹೂವು, ಬಾಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡವಳ ಹಾಗೆ ತುಟಿ ಬಿಗಿದು ನಿಂತಿದ್ದೇನೆ. ಕೆಳಗೆ ಇಂಗ್ಲಿಷಿನಲ್ಲಿ ಊರಿನ ಹೆಸರಿತ್ತು. ಹೆಸರು ನನ್ನ ಸೀರೆಯ ನೆರಿಗೆಯ ಹಿಂದೆ ಹೋಗಿ, ‘ಫ್ರಾನ್ಸ್’ ಎನ್ನುವುದೊಂದೇ ಉಳಿದಿತ್ತು.

“ಅತ್ತೀ, ನೀವು ಫ್ರಾನ್ಸಿಗೆ ಯಾವಾಗ ಹೋಗಿದ್ರೀ?” ಎಂದಳು ಶಿಲ್ಪಾ.

“ಮದಿವಿಗಿಂತ ಮುಂಚೆ,” ಎಂದೆ. ಸುಳ್ಳೇನಲ್ಲ. ಮದುವೆಗೆ ಮುಂಚೆ ನಾನು ಆ ಊರಿಗೆ ಎಷ್ಟೋ ಸಲ ಹೋಗಿದ್ದೆ. ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ, ಮಿರ್ಚಿ ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಫ್ರಾನ್ಸ್ ಸಿಗುತ್ತಿತ್ತು. ಚಪ್ಪಲಿ ಮಾತ್ರ ಹೊರಗೆ ಬಿಡಬೇಕಾಗಿತ್ತು.

ಅದು ನನ್ನ ಅವ್ವನ ತಮ್ಮ ರುದ್ರಮಾಮನ ಫೋಟೋ ಸ್ಟುಡಿಯೋ. ಮೊದಮೊದಲು ಮಾಮ ಗೋಡೆಗೆ ನವಿಲು ಚಿತ್ರದ ಒಂದು ರಗ್ಗು ಕಟ್ಟಿ ಅದರ ಮುಂದೆ ಜನರನ್ನು ನಿಲ್ಲಿಸುತ್ತಿದ್ದ. ಎಲ್ಲರ ತಲೆಯ ಮೇಲೂ ನವಿಲಿನ ಕಾಲು ಬರುತ್ತಿತ್ತು. ಆಮೇಲೆ ಒಂದು ವರ್ಷ ಅಕ್ಕಿ ಗಿರಣಿಯ ಸಾಹುಕಾರರು ದೇವರ ಚಿತ್ರದ ಕ್ಯಾಲೆಂಡರು ಬಿಟ್ಟು ಹೊರದೇಶದ ನೋಟಗಳ ಕ್ಯಾಲೆಂಡರು ಹಂಚಿದರು. ಗಿರಾಕಿಗಳು ಬೇಜಾರಾಗಿ ಅದನ್ನು ಹಿಟ್ಟಿನ ಡಬ್ಬಕ್ಕೆ ಮುಚ್ಚಿದರು. ಮಾಮ ಮಾತ್ರ ಜೂನ್ ತಿಂಗಳ ಹಾಳೆ ಹರಿದುಕೊಂಡು ಖಾಜಾ ಪೇಂಟರ್ ಬಳಿಗೆ ಓಡಿದ.

ಖಾಜಾ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಎತ್ತಿನ ಮುಖ ಬರೆಯುವವನು, ಹಳ್ಳಿ ನಾಟಕಗಳಿಗೆ ಸೀನರಿ ಬರೆಯುವವನು. ಸೀನರಿ ಎಂದರೆ ಹಿಂದೆ ಇಳಿಬಿಡುವ ಬಣ್ಣದ ಪರದೆ. ಅರಮನೆ, ಕಾಡು, ಕೈಲಾಸ ಯಾವುದು ಕೇಳಿದರೂ ಕೈ ನಡುಗದೆ ಬರೆಯುತ್ತಿದ್ದ ಅವನು ಆ ಜೂನ್ ತಿಂಗಳನ್ನು ನೋಡಿ ಕುಂಚ ಕೆಳಗಿಟ್ಟನಂತೆ.

“ರುದ್ರಣ್ಣಾ, ಈ ಮನಿಗೋಳು ಎಲ್ಲಾ ಇಳಿಜಾರು ಅದಾವ. ಇವರು ಮೆಣಸಿನಕಾಯಿ ಎಲ್ಲಿ ಒಣಗಸ್ತಾರ? ಬ್ಯಾಸಗ್ಯಾಗ ಮಕ್ಕೊಳ್ಳೋದು ಎಲ್ಲಿ?”

“ನಿನಗ್ಯಾಕಲೇ ಅವರ ಮಕ್ಕೊಳ್ಳೋ ಚಿಂತಿ? ಇದ್ದಂಗ ಬರಿ.”

ಖಾಜಾ ಇದ್ದ ಹಾಗೇ ಬರೆದ. ಆದರೆ ಮನಸ್ಸು ತಡೆಯದೆ ಹಳ್ಳದ ದಂಡೆಯಲ್ಲಿ ಒಂದೇ ಒಂದು ಮನೆಗೆ ನಮ್ಮ ಕಡೆಯ ಮಣ್ಣಿನ ಚಪ್ಪಟೆ ಮಾಳಿಗೆ ಹಾಕಿದ. ಊರಿನವರೆಲ್ಲ ಬೇಕಾದಾಗ ಅಲ್ಲಿ ಬಂದು ಮಲಗಲಿ ಎಂದು. ಆ ಊರಿನ ಇತಿಹಾಸದಲ್ಲಿ ನಮ್ಮವರು ಕೈಹಾಕಿದ್ದು ಅದೇ ಮೊದಲು.

ಹಾಳೆ ನೋಡಿ ಖಾಜಾ ಪರದೆಯ ಕೆಳಗೆ ನಕಲು ಮಾಡಿದ್ದ ಊರಿನ ಹೆಸರನ್ನು ಯಾರಿಂದಲೂ ಹೇಳಲಾಗಲಿಲ್ಲ. ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಎರಡು ಸಲ ಪ್ರಯತ್ನಿಸಿ, ಎರಡು ಸಲವೂ ಬೇರೆ ಬೇರೆ ಉಚ್ಚಾರ ಮಾಡಿ, ಮನೆಯಲ್ಲಿ ಕೆಲಸವಿದೆ ಎಂದು ಎದ್ದುಹೋದರು. ಫ್ರಾನ್ಸ್ ಅನ್ನುವುದೊಂದು ಸ್ಪಷ್ಟವಾಗಿತ್ತು. ಹೀಗಾಗಿ ಜನ ಅದನ್ನು ಪಕ್ಕದ ಊರು ಹಚ್ಚೊಳ್ಳಿಯ ತಂಗಿಯೋ ಎಂಬಂತೆ ಫ್ರಾನ್ಸೊಳ್ಳಿ ಎಂದು ಕರೆದರು. ಆದೋನಿ ಕಡೆಯಿಂದ ಬಂದವರು ತೆಲುಗಿನಲ್ಲಿ “ಈ ಊರು ಎಕ್ಕಡ?” ಎಂದರೆ ಮಾಮ ಕಿಟಕಿಯ ಕಡೆ ಕೈ ತೋರಿಸಿ, “ಇಲ್ಲಿಂದ ಪಡುವಲಕ್ಕ, ಭಾಳ ದೂರ,” ಎನ್ನುತ್ತಿದ್ದ. ತಾಲೂಕಿನ ಮದುಮಕ್ಕಳು, ಗಡ್ಡದ ಅಜ್ಜಂದಿರು, ಅಂಬೆಗಾಲಿಡುವ ಕೂಸುಗಳು, ಎಲ್ಲರೂ ಒಮ್ಮೆ ಆ ಸೇತುವೆಯ ಮುಂದೆ ನಿಂತು ಬಂದವರೇ. ಗಂಡಸರಿಗೆ ಮಾಮನ ಬಳಿ ಒಂದು ಕೋಟಿತ್ತು, ಎಲ್ಲ ಅಳತೆಯವರಿಗೂ ಅದೊಂದೇ. ದಪ್ಪಗಿನವರಿಗೆ ಹಿಂದೆ ಹೊಲಿಗೆ ಬಿಚ್ಚಿ ತೊಡಿಸುವುದು, ತೆಳ್ಳಗಿನವರಿಗೆ ಹಿಂದೆ ಬಟ್ಟೆಯ ಕ್ಲಿಪ್ಪು ಹಾಕುವುದು. ಮುಂದಿನಿಂದ ನೋಡಿದರೆ ಎಲ್ಲರೂ ಅಮಲ್ದಾರರೇ.

ಈಗ ನನ್ನ ಹಲ್ಲಿನ ವಿಷಯ. ಇಲ್ಲಿಯವರೆಗೆ ತಡೆದುಕೊಂಡೆ, ಇನ್ನು ಹೇಳಲೇಬೇಕು. ನನ್ನ ಮೇಲಿನ ಎರಡು ಹಲ್ಲು ಉಳಿದವಕ್ಕಿಂತ ಕೊಂಚ ಉತ್ಸಾಹಿಗಳು. ಮಾತಿಗೆ ಮುಂಚೆ ಅವೇ ಹೊರಗೆ ಬರುತ್ತವೆ. ಸಣ್ಣವಳಿದ್ದಾಗ ಜೋಳದ ತೆನೆ ತಿನ್ನುವ ಪಂದ್ಯದಲ್ಲಿ ಅವುಗಳಿಂದ ಬಹಳ ಉಪಕಾರವಾಗಿತ್ತು. ಆದರೆ ಮದುವೆಗೆ ನೋಡಲು ಶುರುಮಾಡಿದಾಗ ಅವ್ವನಿಗೆ ಅವೇ ಚಿಂತೆಯಾದವು. ಆಗ ಮಾಮ ಎದೆ ತಟ್ಟಿಕೊಂಡು ಹೇಳಿದ:

“ಅಕ್ಕಾ, ನೀ ಸುಮ್ನಿರು. ನನ್ನ ಸ್ಟುಡಿಯೋದಾಗ ಫೋಟೋ ತಗಸಿದ ಯಾವ ಹುಡುಗೀನೂ ಮನ್ಯಾಗ ಉಳದಿಲ್ಲ. ನಮ್ಮ ಗಂಗಿದು ನನಗ ಬಿಡು.”

ನನ್ನನ್ನು ನಿಲ್ಲಿಸಿದ. ದೀಪ ಹಚ್ಚಿದ. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಕೂಗಿದ: “ಗದ್ದ ಮ್ಯಾಕ... ತುಟಿ ಮುಚ್ಚವಾ... ಇನ್ನಾ ಮುಚ್ಚು... ಹಂಗ!”

ಮೊದಲ ಫೋಟೋ ನಮ್ಮ ತಾಲೂಕಿನ ಕರೂರಿಗೆ, ಒಂದು ಗಂಡಿನ ಮನೆಗೆ ಹೋಯಿತು. ಒಂದು ವಾರದಲ್ಲಿ ವಾಪಸ್ ಬಂತು. ಏನೂ ಕಾರಣ ಹೇಳಿರಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕನ್ನಡಿಯ ಮುಂದೆ ಹೋಗಿ ಹಲ್ಲುಗಳನ್ನು ಹೆಬ್ಬೆರಳಿನಿಂದ ಒಳಗೆ ಒತ್ತುತ್ತಾ ನಿಂತೆ. ಮಾಮ ಬಂದ, ಫೋಟೋವನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ.

“ಗೊತ್ತಾತು ಬಿಡು. ತಪ್ಪು ಹುಡುಗೀದಲ್ಲ, ಊರಿಂದು,” ಎಂದ.

“ಊರಿಂದಾ?”

“ನೋಡಲ್ಲಿ, ಹಿಂದ ಬರೇ ಒಣ ಕಡ್ಡಿ ನೆಟ್ಟಾರ. ಕರೂರಿನವರು ಕಾಲುವಿ ನೀರಿನ ಮಂದಿ, ಹಸರು ಗದ್ದಿ ನೋಡಿದ ಕಣ್ಣು. ಇಂಥ ಒಣಾ ಊರಿನ ಹುಡುಗಿ ಯಾರಿಗೆ ಬೇಕು?”

ಒಣ ಕಡ್ಡಿ ಎಂದರೆ ದ್ರಾಕ್ಷಿಯ ಬಳ್ಳಿಗಳು. ಫ್ರಾನ್ಸಿನವರು ಅವನ್ನೇ ನೆಚ್ಚಿಕೊಂಡು ಬದುಕಿದವರು ಎಂದು ನಮಗೇನು ಗೊತ್ತು? ಖಾಜಾ ಬಂದು ಒಂದೇ ದಿನದಲ್ಲಿ ದ್ರಾಕ್ಷಿತೋಟವನ್ನೆಲ್ಲ ಕಿತ್ತು ಭತ್ತ ನಾಟಿ ಮಾಡಿದ. ಫೋಟೋ ಬರುತ್ತಿದ್ದದ್ದು ಕಪ್ಪು-ಬಿಳುಪಿನಲ್ಲಿ, ಹಸಿರು ಹಚ್ಚಿದರೇನು ಬಿಟ್ಟರೇನು. ಆ ಮಾತನ್ನು ನಾನು ಆಡಿದೆ ಕೂಡ. ಮಾಮ ನನ್ನನ್ನು ಹೊರಗೆ ಕಳಿಸಿದ.

ಎರಡನೆಯ ಸಲ ಸಿರಿಗೇರಿ. ಅದೂ ವಾಪಸ್. ಮಾಮ ಈ ಸಲ ದನಗಳಲ್ಲಿ ತಪ್ಪು ಕಂಡುಹಿಡಿದ. ಚರ್ಚಿನ ಮುಂದೆ ಮೇಯುತ್ತಿದ್ದ ಎರಡು ಎತ್ತುಗಳಿಗೆ ಹೆಗಲ ಮೇಲೆ ಡುಬ್ಬವೇ ಇರಲಿಲ್ಲ. ಡುಬ್ಬವಿಲ್ಲದ ಎತ್ತಿಗೆ ನೊಗ ಎಲ್ಲಿ ಇಡುವುದು? ಒಕ್ಕಲುತನದ ಗಂಧವಿಲ್ಲದ ಮನೆತನ ಎಂದುಕೊಂಡಿರುತ್ತಾರೆ. ಖಾಜಾ ಡುಬ್ಬ ಹಚ್ಚಿದ, ಜೊತೆಗೆ ಕೊಂಬಿನ ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆಸರ ಹಾಕಿದ. ಹಚ್ಚೊಳ್ಳಿಯವರು ಫೋಟೋ ವಾಪಸ್ ಕಳಿಸಿದಾಗ ಜನರೇ ಇಲ್ಲದ್ದು ತಪ್ಪಾಯಿತು. ಇಷ್ಟು ಮನೆಗಳಿದ್ದೂ ಹೊರಗೆ ಒಂದು ನರಪಿಳ್ಳೆ ಇಲ್ಲ, ಊರಿಗೆ ಊರೇ ಗುಳೆ ಎದ್ದುಹೋದಂತಿದೆ ಎಂದು ಮಾಮ ಹೇಳಿದ. ಖಾಜಾ ಹಳ್ಳದ ದಂಡೆಗೆ ಕೊಡ ಹೊತ್ತ ಒಬ್ಬ ಹೆಂಗಸನ್ನು ತಂದು, ಸೇತುವೆಯ ಕಟ್ಟೆಯ ಮೇಲೆ ಬೀಡಿ ಸೇದುವ ಇಬ್ಬರನ್ನು ಕೂರಿಸಿದ. ಆ ಇಬ್ಬರು ಥೇಟ್ ಮಾಮ ಮತ್ತು ಖಾಜಾನ ಹಾಗೇ ಇದ್ದರು.

ನನಗೆ ನಗು ಬರುತ್ತಿತ್ತು ನಿಜ. ಅದರ ಅರ್ಥ ತಿಳಿದದ್ದು ಆಮೇಲೆ. ಮನೆಯಲ್ಲಿ ಯಾರೂ ನನ್ನ ಹಲ್ಲಿನ ಮಾತು ಎತ್ತಬಾರದೆಂದು ಮಾಮ ಒಂದಿಡೀ ಊರನ್ನು ನನಗೆ ಅಡ್ಡ ಹಿಡಿದು ನಿಂತಿದ್ದ. ಪ್ರತಿಸಲ ಫೋಟೋ ವಾಪಸ್ ಬಂದಾಗಲೂ ಬೈಗುಳ ತಿಂದದ್ದು ಫ್ರಾನ್ಸೊಳ್ಳಿ. ಅವ್ವ ಕೂಡ ಕೊನೆಕೊನೆಗೆ ನನ್ನ ಕಡೆ ನೋಡುವುದನ್ನು ಬಿಟ್ಟು, “ಆ ಹಾಳಾದ ಊರಿಗೆ ಏನಾಗೈತಿ ನೋಡಪ್ಪ,” ಎನ್ನಲು ಕಲಿತಿದ್ದಳು.

ಬಳ್ಳಾರಿಯ ಒಬ್ಬ ಗುಮಾಸ್ತರ ಮನೆಯವರು ಮಾತ್ರ ಕಾರಣ ಹೇಳಿ ಕಳಿಸಿದರು. ಓದಿದ ಜನ. ಮಾಮ ಫೋಟೋಗಳ ಹಿಂದೆ ವಾರ, ತಾರೀಖಿನ ಮುದ್ರೆ ಒತ್ತುತ್ತಿದ್ದ. ಗುಮಾಸ್ತರು ಹಿಂದೆ ತಿರುಗಿಸಿ ಶುಕ್ರವಾರ ಎಂದು ಓದಿದ್ದಾರೆ, ಮುಂದೆ ತಿರುಗಿಸಿ ಚರ್ಚಿನ ಗಡಿಯಾರ ನೋಡಿದ್ದಾರೆ. ಹನ್ನೊಂದಕ್ಕೆ ಹತ್ತು ನಿಮಿಷ. “ಶುಕ್ರವಾರ ಹತ್ತೂವರೆಯಿಂದ ರಾಹುಕಾಲ. ಕನ್ಯೆಯನ್ನು ರಾಹುಕಾಲದಲ್ಲಿ ನಿಲ್ಲಿಸಿ ಫೋಟೋ ತೆಗೆಸುವ ಮನೆತನ ನಮಗೆ ಬೇಡ,” ಎಂದರಂತೆ.

ಮಾಮನಿಗೆ ಇದು ಸಿಡಿಲಿನಂತೆ ಬಡಿಯಿತು. ಇಷ್ಟು ವರ್ಷ ತಾಲೂಕಿನ ಎಷ್ಟು ಶುಭಕಾರ್ಯಗಳನ್ನು ತಾನು ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಮಾಡಿಬಿಟ್ಟಿದ್ದನಲ್ಲ! ಆ ಸಂಜೆಯೇ ಖಾಜಾನನ್ನು ಕರೆಸಿ, ಗೋಡೆಯ ಪಂಚಾಂಗವನ್ನು ಇಳಿಸಿ, ಇಬ್ಬರೂ ಮಿರ್ಚಿ ಕಟ್ಟಿಸಿಕೊಂಡು ನೆಲದ ಮೇಲೆ ಕೂತರು. ಮೆಟ್ಟಿಲ ಮೇಲೆ ನಾನೂ ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಹಿಡಿದು ಕೂತಿದ್ದೆ. ನನ್ನ ಭವಿಷ್ಯ ನಿರ್ಧಾರವಾಗುವಾಗ ನಾನಿರಬೇಡವೇ?

“ಒಂಬತ್ತಕ್ಕ ಇಡೋಣು,” ಎಂದ ಖಾಜಾ.

“ಶನಿವಾರ ಒಂಬತ್ತಕ್ಕ ರಾಹುಕಾಲ.”

“ಹನ್ನೆರಡೂವರಿ?”

“ಬುಧವಾರ.”

“ಮೂರೂವರಿ?”

“ಮಂಗಳವಾರ. ಲೇ, ಈ ರಾಹು ಒಂದು ಹೊತ್ತೂ ಬಿಟ್ಟಿಲ್ಲಲೇ!”

“ಮುಳ್ಳs ಅಳಿಸಿಬಿಡ್ತೀನಿ ಅಣ್ಣಾ. ಮುಳ್ಳಿಲ್ಲದ ಗಡಿಯಾರಕ್ಕ ಎಲ್ಲಿ ರಾಹು?”

“ಹುಡುಗೀದು ಟೈಮs ಸರಿ ಇಲ್ಲ ಅಂತಾರ. ಬ್ಯಾಡ.”

ಬಹಳ ಹೊತ್ತು ಹುಡುಕಿದ ಮೇಲೆ ಸಿಕ್ಕಿತು. ಸೋಮವಾರದ ರಾಹುಕಾಲ ಬೆಳಿಗ್ಗೆ ಏಳೂವರೆಗೆ ಶುರುವಾಗುತ್ತದೆ. ಅದಕ್ಕಿಂತ ಮೊದಲು, ಆರರಿಂದ ಏಳೂವರೆಯ ತನಕ, ವಾರದ ಯಾವ ದಿನವೂ ರಾಹುವಿನ ಕಾಟವಿಲ್ಲ. ನೀವೂ ಬೇಕಾದರೆ ನಿಮ್ಮ ಮನೆಯ ಪಂಚಾಂಗದಲ್ಲಿ ನೋಡಿಕೊಳ್ಳಿ. ಮರುದಿನ ಖಾಜಾ ಗೋಪುರದ ಗಡಿಯಾರದ ಮುಳ್ಳುಗಳನ್ನು ಆರೂವರೆಗೆ ತಿರುಗಿಸಿದ, ನೆತ್ತಿಯ ಮೇಲಿದ್ದ ಸೂರ್ಯನನ್ನು ಇಳಿಸಿ ಮನೆಗಳ ಹಿಂದೆ ಇಟ್ಟ. ಆವತ್ತಿನಿಂದ ಫ್ರಾನ್ಸೊಳ್ಳಿಯಲ್ಲಿ ಬೆಳಿಗ್ಗೆ ಆರೂವರೆಯ ಮೇಲೆ ಹೊತ್ತು ಏರಲೇ ಇಲ್ಲ. ಕರೂರಿನ ರೈತನೊಬ್ಬ ತನ್ನ ಫೋಟೋ ನೋಡಿ, “ಆರೂವರಿಗೆ ನಾ ಹೊಲದಾಗ ಇರತೀನ್ರಿ, ಕೋಟು ಹಾಕ್ಕೊಂಡು ಇಲ್ಲಿ ಯಾಕ ನಿಂತೀನಿ?” ಎಂದು ತಕರಾರು ತೆಗೆದಿದ್ದ. ಮಾಮ ಅವನಿಗೆ ಶುಭಗಳಿಗೆಯ ಮೇಲೆ ಒಂದು ಭಾಷಣ ಮಾಡಿ ಕಳಿಸಿದ.

ಇಷ್ಟಾದ ಮೇಲೂ ಒಂದು ಅನಾಹುತ ಉಳಿದಿತ್ತು. ಪರದೆಯ ಬಟ್ಟೆ ಬಿರುಸಾಗಿ ನಿಲ್ಲಲೆಂದು ಖಾಜಾ ಅದಕ್ಕೆ ಅಕ್ಕಿಗಂಜಿ ಕುಡಿಸುತ್ತಿದ್ದ. ಮಿರ್ಚಿ ಅಂಗಡಿಯ ಇಲಿಗಳಿಗೆ ಅದರ ವಾಸನೆ ಹತ್ತಿತು. ಒಂದೇ ರಾತ್ರಿಯಲ್ಲಿ ಅವು ಫ್ರಾನ್ಸಿನ ಎಡಗಡೆಯ ಬೆಟ್ಟವನ್ನೂ ಅದರ ಮೇಲಿನ ಪೈನ್ ಮರಗಳನ್ನೂ ಪೂರ್ತಿ ತಿಂದು ಮುಗಿಸಿದ್ದವು. ಕ್ಯಾಲೆಂಡರಿನ ಹಾಳೆ ಯಾವತ್ತೋ ಹಾಳಾಗಿಹೋಗಿತ್ತು. ಖಾಜಾ ತೇಪೆ ಹಚ್ಚಿದ, ಆದರೆ ಅಲ್ಲಿ ಏನಿತ್ತೆಂದು ನೆನಪಿಲ್ಲ. ಅವನ ಹೆಂಡತಿಯ ತವರು ಕುರುಗೋಡು. ಮಾವನ ಮನೆಯ ಅಂಗಳದಲ್ಲಿ ಕೂತಾಗಲೆಲ್ಲ ಕಾಣುವ ಬೆಟ್ಟ ಅವನ ಕೈಗೆ ತಾನಾಗಿ ಬಂತು. ಒಂದರ ಮೇಲೊಂದು ಕೂತ ಬೋಳು ಬಂಡೆಗಳು, ನೆತ್ತಿಯಲ್ಲಿ ಮುರಿದ ಕೋಟೆಯ ಗೋಡೆ. ಚರ್ಚಿನ ಪಕ್ಕದಲ್ಲಿ ಅದು ಎದ್ದು ನಿಂತಿತು. ಮಾಮ ನೋಡಿ, “ನಡೀತೈತಿ, ಹಿಂದ ಮಸುಕಾಗಿ ಬರತೈತಿ,” ಎಂದ. ನನ್ನನ್ನು ಮತ್ತೆ ನಿಲ್ಲಿಸಿದ. ಗದ್ದ ಮ್ಯಾಕ, ತುಟಿ ಮುಚ್ಚವಾ.

ಆ ಫೋಟೋ ಹೋದದ್ದೂ ಕುರುಗೋಡಿಗೇ. ಬೇಕೆಂದು ಕಳಿಸಿದ್ದಲ್ಲ. ಇದ್ದ ವರಗಳಲ್ಲಿ ಅದೊಂದೇ ಉಳಿದಿತ್ತು.

ಅಲ್ಲಿಂದ ಫೋಟೋ ವಾಪಸ್ ಬರುವ ಬದಲು ಮನುಷ್ಯರೇ ಬಂದರು. ಹುಡುಗನ ತಂದೆ ಬಸಣ್ಣನವರು, ದೊಡ್ಡ ರುಮಾಲು, ದೊಡ್ಡ ಮೀಸೆ. ಹೇಳದೆ ಕೇಳದೆ ಒಂದು ಮುಂಜಾನೆ ಸಿರುಗುಪ್ಪದಲ್ಲಿ ಬಸ್ಸಿಳಿದು, ಫೋಟೋವನ್ನು ಕೈಯಲ್ಲಿ ಹಿಡಿದು ಊರು ಹುಡುಕಲು ಶುರುಮಾಡಿದ್ದಾರೆ. ಹಳ್ಳ, ಸೇತುವೆ, ಗದ್ದೆ ಇಷ್ಟೆಲ್ಲ ಇರುವ ಹೆಣ್ಣಿನ ಮನೆಯನ್ನು ಮೊದಲು ಹೊರಗಿನಿಂದ ನೋಡಬೇಕು, ಆಮೇಲೆ ಒಳಗೆ ಹೋಗಬೇಕು ಎಂಬುದು ಅವರ ಲೆಕ್ಕ. ಫೋಟೋದಲ್ಲಿ ಹುಡುಗಿಯ ಹಿಂದೆ ಕಾಣುವುದು ಹುಡುಗಿಯ ಅಪ್ಪನದೇ ಇರಬೇಕಲ್ಲ!

ನಿಲ್ದಾಣದಲ್ಲಿ ಒಬ್ಬನಿಗೆ ತೋರಿಸಿ, “ಈ ಜಾಗ ಎಲ್ಲಿ ಬರತೈತಪ್ಪಾ?” ಎಂದು ಕೇಳಿದ್ದಾರೆ.

ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. “ಇದಾ? ಇಲ್ಲೇ ಹಿಂದ ಹೋಗ್ರಿ ಯಜಮಾನ್ರ. ಮಿರ್ಚಿ ಅಂಗಡಿ ಬಾಜೂಕ, ಮೆಟ್ಲ ಹತ್ರಿ.”

“ಹಳ್ಳ?”

“ಹಳ್ಳಾನೂ ಮ್ಯಾಲೇ ಐತ್ರಿ.”

ಬಸಣ್ಣನವರು ಹತ್ತಿದರು. ಬಾಗಿಲಲ್ಲಿ ನಿಂತರು. ಮಾಮ ಯಾರದೋ ಕೂಸಿಗೆ ಗಿಲಕಿ ಆಡಿಸುತ್ತಿದ್ದವನು ತಿರುಗಿ, ಕೈಯಲ್ಲಿದ್ದ ಫೋಟೋ ನೋಡಿ, ರುಮಾಲು ನೋಡಿ, ಎಲ್ಲ ತಿಳಿದು ಗಿಲಕಿಯನ್ನು ಕೆಳಗೆ ಬಿಟ್ಟ. ಓಣಿಯಲ್ಲಿ ಸುದ್ದಿ ಹಬ್ಬಿ ಅವ್ವ ಮತ್ತು ನಾನು ಓಡಿಬಂದು ಮೆಟ್ಟಿಲ ಕೆಳಗೆ ನಿಂತೆವು. ಮೇಲೆ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವ್ವ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಿದ್ದಳೆಂದರೆ ಬಳೆ ಒಡೆಯಿತು. ಇದೂ ಹೋದರೆ ಇನ್ನು ಕಳಿಸಲು ಊರೇ ಇಲ್ಲ ಎಂದು ನಮಗೆ ಗೊತ್ತಿತ್ತು.

ಮೇಲಿಂದ ಮೊದಲು ಬಸಣ್ಣನವರ ದನಿ ಬಂತು. “ಇದು ಬಟ್ಟಿ ಏನ್ರೀ?”

“ಹೌದ್ರೀ. ಫ್ರಾನ್ಸ್ ದೇಶದ್ದು. ಅಲ್ಲೆಲ್ಲೋ ಖರೇನ ಐತ್ರೀ ಈ ಊರು.” ಮಾಮನ ದನಿ ಕಾಲು ಭಾಗಕ್ಕೆ ಇಳಿದಿತ್ತು.

 ಆಮೇಲೆ ಹೆಜ್ಜೆಯ ಸದ್ದು ಕೇಳಿತು. ಬಸಣ್ಣನವರು ಪರದೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಭತ್ತ ನೋಡಿದರು, ಎತ್ತಿನ ಡುಬ್ಬ ನೋಡಿದರು, ಮಾಳಿಗೆ ನೋಡಿದರಂತೆ. ಹೆಜ್ಜೆ ಎಡಗಡೆ ಹೋಗಿ ನಿಂತಿತು.

“ಇದು ನಮ್ಮ ಗುಡ್ಡ ಅಲ್ಲೇನು?”

ಮಾಮ ತಡವರಿಸಿದ. “ಹ್ಞಾಂ... ಅದು... ಹೌದ್ರೀ.”

“ಅಲಲಲಲ!” ಎಂದರು ಬಸಣ್ಣನವರು, ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ. “ಫ್ರಾನ್ಸಿನವರೂ ನಮ್ಮ ಗುಡ್ಡ ಇಟ್ಟುಕೊಂಡಾರಲ್ರೀ! ನಾ ಅವಾಗ್ಲಿಂದ ಹೇಳ್ತೀನಿ, ಕುರುಗೋಡು ಗುಡ್ಡದಂಥಾ ಗುಡ್ಡ ಎಲ್ಲೂ ಇಲ್ಲ ಅಂತ. ನಮ್ಮ ಮಂದಿ ನಗತಾರ!”

ನಮ್ಮ ಮಾವನವರನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಅವರಿಗೆ ಲೋಕದಲ್ಲಿ ಎರಡೇ ಬಗೆಯ ಊರುಗಳು, ಕುರುಗೋಡು ಗುಡ್ಡ ಕಾಣುವವು ಮತ್ತು ಕಾಣದವು. ಕಾಣದ ಊರಿನಲ್ಲಿ ಅವರು ಒಂದು ರಾತ್ರಿ ಮಲಗಿದವರಲ್ಲ. ಅಂಥವರು ಅಲ್ಲಿ ನಿಂತು ಫೋಟೋವನ್ನೊಮ್ಮೆ ಪರದೆಯನ್ನೊಮ್ಮೆ ನೋಡಿ ತೀರ್ಮಾನ ಕೊಟ್ಟರು.

“ಕೂಸು ಆಗಲೇ ನಮ್ಮ ಗುಡ್ಡದ ಬುಡಕ ಬಂದು ನಿಂತೈತಿ. ಇನ್ನ ಮನಿಗೆ ಹೋಗಿ ನೋಡೋದೇನೈತಿ? ಎಲಿ-ಅಡಿಕಿ ತರ್ರಿ.”

ಮನೆಗೆ ಅವರು ಬರಲೇ ಇಲ್ಲ. ಅವ್ವ ಅವಸರದಲ್ಲಿ ಹೇಳಿ ಮಾಡಿಸಿದ ರವೆಯ ಸಜ್ಜಕವನ್ನು ಖಾಜಾ ಮತ್ತು ಮಾಮ ತಿಂದರು. ಮಾತು ಕೊಟ್ಟಾಗಿದ್ದರಿಂದ ಮುಂದೆ ಹುಡುಗ ಬಂದು ನೋಡಿದ್ದು ಬರೀ ಶಾಸ್ತ್ರಕ್ಕೆ. ಆ ದಿನ ನಾನು ಸಂತೋಷ ತಡೆಯಲಾರದೆ ಬಾಯಿ ತುಂಬ ನಕ್ಕೆ. ಫೋಟೋದಲ್ಲಿ ಇಲ್ಲದ್ದೇನೋ ಕಂಡು ಹುಡುಗ ಒಂದು ಕ್ಷಣ ಬೆಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗಲೂ ಜಗಳ ಬಂದಾಗ ನಮ್ಮ ಯಜಮಾನರು, “ನಮ್ಮಪ್ಪ ಗುಡ್ಡ ನೋಡಿ ಸೊಸಿ ತಂದ,” ಎನ್ನುತ್ತಾರೆ.

ಈ ಕಥೆಯನ್ನು ಶಿಲ್ಪಾಳಿಗೆ ಊಟದ ಹೊತ್ತಿಗೆ ಹೇಳಿದ್ದು ನಾನಲ್ಲ, ಮಾಮನೇ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಳ್ಳಾರಿಗೆ ಬಂದವನು ನಮ್ಮ ಮನೆಯಲ್ಲೇ ಇದ್ದಾನೆ. ಆಸ್ಪತ್ರೆಯಿಂದ ಯಜಮಾನರ ಜೊತೆ ಮರಳಿದವನು ಕಣ್ಣಿನ ಹಸಿರು ಪಟ್ಟಿ ಸರಿಸಿ, ಫೋಟೋ ನೋಡಿ, ನನ್ನ ವಿದೇಶ ಪ್ರವಾಸವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ನನ್ನ ಮರ್ಯಾದೆ ಹೋಯಿತು. ಸಂಜೆಯ ಚಹಾವನ್ನು ನಾನೇ ಮಾಡಿಕೊಂಡೆ.

ಖಾಜಾ ಈಗಿಲ್ಲ. ಸ್ಟುಡಿಯೋ ಮಾಮನ ಮಗನ ಕೈಯಲ್ಲಿ ಜೆರಾಕ್ಸ್ ಅಂಗಡಿಯಾಗಿದೆ. ಫ್ರಾನ್ಸೊಳ್ಳಿಯನ್ನು ಹಚ್ಚೊಳ್ಳಿಯ ಯಾರೋ ಮೆಣಸಿನಕಾಯಿ ರಾಶಿಗೆ ಹೊದಿಸಲೆಂದು ಕೇಳಿ ಒಯ್ದರು. ಒಂದು ಊರು ಇನ್ನೊಂದು ಊರಿಗೆ ಟ್ರ್ಯಾಕ್ಟರಿನಲ್ಲಿ ಹೋದದ್ದನ್ನು ಮಾಮ ನಿಲ್ದಾಣದಲ್ಲಿ ನಿಂತು ನೋಡಿದನಂತೆ. ಅವನಿಗೆ ಉಳಿದಿದ್ದ ಚಿಂತೆ ಒಂದೇ. “ಖರೇನ ಐತಿ ಆ ಊರು ಅಂತ ಬಸಣ್ಣಗ ಮಾತು ಕೊಟ್ಟೀನಿ. ಇಲ್ಲದಿದ್ರ ಸುಳ್ಳು ಹೇಳಿ ಹುಡುಗೀನ ಕೊಟ್ಟಂಗ ಆತಲ್ಲ,” ಎಂದು ಫೋಟೋ ಸಿಕ್ಕ ದಿನ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಬಸಣ್ಣನವರು ತೀರಿಕೊಂಡು ಎಷ್ಟೋ ವರ್ಷವಾಯಿತು ಎಂದರೂ ಕೇಳಲಿಲ್ಲ.

ಮರುದಿನ ಮುಂಜಾನೆ ಶಿಲ್ಪಾ ಫೋನು ಹಿಡಿದು ಬಂದಳು. ಅವಳು, ನನ್ನ ಮಗ ಇಬ್ಬರೂ ಜೀನ್ಸ್ ಹೊಲಿಯುವ ಘಟಕ ನಡೆಸುತ್ತಾರೆ, ಫೋನಿನಲ್ಲಿ ಊರೂರು ಸುತ್ತುವುದು ಅವಳಿಗೆ ಅಭ್ಯಾಸ. “ತಾತಾ, ಹೆಸರು ನೆನಪೈತಾ?”

ಮಾಮ ಏ, ಬಿ, ಸಿ ಬಿಟ್ಟು ಬೇರೆ ಇಂಗ್ಲಿಷ್ ಬಲ್ಲವನಲ್ಲ. ಆದರೆ ಪರದೆಯ ಕೆಳಗಿನ ಆ ಅಕ್ಷರಗಳನ್ನು ದಿನವೂ ನೋಡಿ ನೋಡಿ ಬಾಯಿಗೆ ಬಂದುಬಿಟ್ಟಿತ್ತು. ಮಗ್ಗಿ ಒಪ್ಪಿಸುವ ಹಾಗೆ ಒಂದೊಂದೇ ಅಕ್ಷರ ಹೇಳಿದ, ನಡುವಿನ ಅಡ್ಡಗೆರೆಯನ್ನೂ ಬಿಡಲಿಲ್ಲ. ಶಿಲ್ಪಾ ಒತ್ತುತ್ತಾ ಹೋದಳು. ಅವಳು ಫೋನಿನಿಂದ ಕಳಿಸಿದ ಊರು ಟಿವಿಯ ಮೇಲೆ ಬಂತು.

ಚರ್ಚು, ಸೇತುವೆ, ಹಳ್ಳ. ಬಣ್ಣಬಣ್ಣದಲ್ಲಿ, ಗೋಡೆಯ ತುಂಬ.  ಮಾಮ ಎದ್ದು ಹೋಗಿ ಟಿವಿಯ ಪಕ್ಕ ನಿಂತು, ಮೊದಲು ಸಮಾಧಾನದ ಉಸಿರು ಬಿಟ್ಟ, ಆಮೇಲೆ ಸಿಟ್ಟಿಗೆದ್ದ.

“ಮಾಳಿಗಿ ಮನಿ ಎಲ್ಲಿ? ಯಾವನು ಕೆಡವಿದ?”

ಶಿಲ್ಪಾ ಆ ಊರಿನ ಚರಿತ್ರೆಯನ್ನು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಹಿಂದೆ ಒಂದು ಕಾಲಕ್ಕೆ ಅಲ್ಲಿಯ ದ್ರಾಕ್ಷಿಬಳ್ಳಿಗೆಲ್ಲ ರೋಗ ಬಂದು ತೋಟಗಳು ಒಣಗಿಹೋದವಂತೆ.

“ಅದಕs ನಾ ಭತ್ತ ಹಾಕಸಿದ್ದು,” ಎಂದ ಮಾಮ.

ಕೆಲಸವಿಲ್ಲದೆ ಜನ ಒಬ್ಬೊಬ್ಬರಾಗಿ ಊರು ಬಿಟ್ಟರಂತೆ. ಶಾಲೆ ಮುಚ್ಚಿತಂತೆ. ಈಗ ಬೀದಿಯಲ್ಲಿ ಮನುಷ್ಯರು ಕಾಣುವುದೇ ಅಪರೂಪವಂತೆ.

“ಮತ್ತ ನಾ ಮೂರು ಮಂದೀನ ಕೊಟ್ಟಿದ್ದೆನಲ್ಲ!”

“ಗೋಪುರದ ಗಡಿಯಾರ ಕೆಟ್ಟು ಎಷ್ಟೋ ವರ್ಷ ನಿಂತಬಿಟ್ಟಿತ್ತಂತ, ತಾತಾ. ಈಚಿಗೆ ಊರವರೇ ಸೇರಿ ರಿಪೇರಿ ಮಾಡಿಸ್ಯಾರ.”

ಅದನ್ನೂ ತಾನೇ ಮಾಡಿಸಿದವನಂತೆ ಮಾಮ ನಮ್ಮೆಲ್ಲರ ಮುಖ ನೋಡಿದ, ಅಷ್ಟೇ. ಅವನಿಗೆ ಅದೇ ಸಾಕಾಗಿತ್ತು. ನಮ್ಮ ಯಜಮಾನರು ಮಾತ್ರ ಕುರ್ಚಿಯಿಂದ ಮುಂದೆ ಬಾಗಿ ಎಡಗಡೆಯ ಮೂಲೆಯನ್ನೇ ನೋಡುತ್ತಿದ್ದರು. ಅಲ್ಲಿ ಸಾಧಾರಣ ಒಂದು ಹಸಿರು ದಿಬ್ಬ, ಅದರ ಮೇಲೆ ಮರಗಳು. “ಗುಡ್ಡ ನಮ್ಮಷ್ಟಿಲ್ಲ,” ಎಂದರು. ಥೇಟ್ ಅಪ್ಪನದೇ ದನಿ.

“ಅಳಿಯಂದ್ರ, ಏಳ್ರಿ. ಗಂಗೀ, ನೀನೂ ಬಾ. ಟಿವಿ ಮುಂದ ನಿಂದ್ರು,” ಎಂದ ಮಾಮ. ಶಿಲ್ಪಾಳ ಕೈಯಿಂದ ಫೋನು ಇಸಿದುಕೊಂಡ. ನಾನು ಸೆರಗು ಸರಿಮಾಡಿಕೊಂಡು ಸೇತುವೆಯ ಮುಂದೆ ನಿಂತೆ, ಪಕ್ಕದಲ್ಲಿ ಯಜಮಾನರು. ಇನ್ನೇನು ಒತ್ತಬೇಕು, ಮಾಮನ ಕೈ ತಡೆಯಿತು. ಗೋಡೆಯ ಗಡಿಯಾರ ನೋಡಿದ. ಹತ್ತು ಹೊಡೆದಿತ್ತು. ವಾರ ಶನಿವಾರ.

“ರಾಹುಕಾಲ ಐತಲ್ಲೋ!” ಎಂದ. ಆಮೇಲೆ ಏನೋ ಹೊಳೆದು ಶಿಲ್ಪಾಳ ಕಡೆ ತಿರುಗಿದ. “ಯವ್ವಾ, ಇವರು ನಿಂತಿರೋದು ಅಲ್ಲಿ. ಅಲ್ಲಿ ಈಗ ಎಷ್ಟು ಹೊತ್ತು ನೋಡು.”

ಶಿಲ್ಪಾ ಫೋನಿನ ಮೇಲೆ ಬಾಗಿ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿ ನೋಡಿದಳು. ತಲೆಯೆತ್ತಿದಾಗ ಅವಳ ಮುಖದಲ್ಲಿ ನಿನ್ನೆ ಮುಂಜಾನೆ ನನಗೆ ಸಿಕ್ಕಿದ್ದ ಆ ಮರ್ಯಾದೆ ಪೂರ್ತಿ ಮಾಮನ ಪಾಲಾಗಿತ್ತು.

“ಬೆಳಗಿನ ಆರೂವರಿ, ತಾತಾ.”

ಮಾಮ ಹಸಿರು ಪಟ್ಟಿಯನ್ನು ಹಣೆಯ ಮೇಲೆ ಸರಿಸಿದ. ಫೋನು ಎತ್ತಿ ಹಿಡಿದ.  ನಾನು ಅಭ್ಯಾಸಬಲದಿಂದ ಗದ್ದ ಮೇಲೆತ್ತಿ ತುಟಿ ಬಿಗಿದು ನಿಂತೆ.

“ಯಾಕಬೇ ಬಾಯಿ ಮುಚ್ಚಿ? ನಗು, ಹಲ್ಲು ಕಾಣಲಿ,” ಎಂದ ಮಾಮ. “ಇನ್ನ ಯಾರರ ವಾಪಸ್ ಕಳಸ್ತಾರೇನು?”